ಬಿಳಿ ಕೋಟೆಗೆ ಕಟ್ಟಿದ ತೋರಣ

ಖಾಲಿ ಬಾಗಿಲು ಕಂಡರೆ ನಿಮ್ಮ ಅಜ್ಜಿಗೆ ಕೈ ಸುಮ್ಮನಿರುವುದಿಲ್ಲ. ಇದೊಂದು ಚಾಳಿ ಎಂದು ಒಪ್ಪಿಕೊಳ್ಳುತ್ತೇನೆ. ಇದರಿಂದಾಗಿ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ದೋಹಾದ ಫ್ಲ್ಯಾಟಿನಲ್ಲಿ ಕುಳಿತು ಸರ್ಬಿಯಾ ದೇಶದ ರಾಜಧಾನಿಯ ಧ್ವಜವನ್ನೇ ಬದಲಾಯಿಸಿಬಿಟ್ಟೆ. ಯಾರನ್ನೂ ಒಂದು ಮಾತು ಕೇಳಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಪ್ಪ ನನ್ನನ್ನು ಊರಿನಿಂದ ದೋಹಾದ ಬಿನ್ ಮಹಮೂದ್ ಬಡಾವಣೆಗೆ ಕರೆತಂದ ಸಮಯ ಅದು. ಶ್ರೇಯಾ, ನಿನಗೆ ಆಗ ಏಳು ವರ್ಷ. ನಿನ್ನ ತಮ್ಮ ಪ್ರಣಾಮ ಇನ್ನೂ ಅಂಬೆಗಾಲಿಡುತ್ತಿದ್ದ. ನಮ್ಮ ಎದುರು ಮನೆಯಲ್ಲಿ ವೆಸ್ನಾ ಇದ್ದಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ, ಒಬ್ಬಳೇ ವಾಸ, ಬೆಲ್‌ಗ್ರೇಡ್ ಊರಿನವಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಇಂಗ್ಲಿಷಿನಲ್ಲಿ ನನ್ನದು ‘ಗುಡ್ ಮಾರ್ನಿಂಗ್’ವರೆಗಿನ ಸಂಪತ್ತು. ಆದರೂ ನಾನು ನೀರುದೋಸೆ ಕೊಡುತ್ತಿದ್ದೆ, ಅವಳು ಸುಟ್ಟ ಕೆಂಪು ಮೆಣಸಿನ ಚಟ್ನಿ ಕೊಡುತ್ತಿದ್ದಳು. ಅಷ್ಟರಲ್ಲೇ ಸ್ನೇಹ ಬೆಳೆಯಿತು. ಬೇರೆಯವರ ಮುಂದೆ ಬಾಯಿ ಬಿಡಲು ನಾಚುವ ನನಗೆ ಮಾತೇ ಬೇಡದ ಗೆಳತಿ ಸಿಕ್ಕಿದ್ದು ದೊಡ್ಡ ಸಮಾಧಾನ. ತೀರಾ ಮಾತು ಬೇಕಾದಾಗ ನೀನಿದ್ದೆಯಲ್ಲ ಶ್ರೇಯಾ, ನಮ್ಮ ದುಭಾಷಿ.

ಒಂದು ದಿನ ಅವಳು ಹಳೆಯ ಬಟ್ಟೆಯೊಂದನ್ನು ತಂದು ನಮ್ಮ ಮೇಜಿನ ಮೇಲೆ ಹರಡಿದಳು. ಅದು ಅವಳ ಊರಿನ ಧ್ವಜ. ಒಂದು ಊರಿಗೇ ಬೇರೆ ಧ್ವಜ ಇರುತ್ತದೆಂದು ನನಗೆ ಗೊತ್ತಾದದ್ದು ಅಂದೇ. ನಾನು ಕಂಡ ಧ್ವಜಗಳೆಂದರೆ ಶಾಲೆಯಲ್ಲಿ ಆಗಸ್ಟ್ ಹದಿನೈದರದ್ದು, ಮತ್ತು ಮೀನು ದೋಣಿಗಳ ತುದಿಯಲ್ಲಿ ಗಾಳಿಗೆ ಹರಿದು ಚಿಂದಿಯಾದವು. ಇದರಲ್ಲಾದರೋ ಒಂದು ಇಡೀ ಊರಿನ ಕಥೆ ಇತ್ತು. ಮೇಲೆ ನೀಲಿ ಆಕಾಶ. ಅದರ ಕೆಳಗೆ ಬಿಳಿ ಕೋಟೆ, ಬುರುಜು. ಬೆಲ್‌ಗ್ರೇಡ್ ಎಂದರೇ ಬಿಳಿ ಊರು ಎಂದು ಅರ್ಥವಂತೆ. ಕೋಟೆಯ ಬಾಗಿಲು ತೆರೆದೇ ಇದೆ, ವ್ಯಾಪಾರಕ್ಕೆ ಬರುವವರು ಬರಲಿ ಎಂದು. ತೀರಾ ಕೆಳಗೆ ನದಿಯ ಅಲೆಗಳು, ಅವುಗಳ ಮೇಲೆ ಹಳೇ ಕಾಲದ ರೋಮನರ ಹಡಗು. ಕೋಟೆಗೂ ನೀರಿಗೂ ನಡುವೆ ಕೆಂಪು ನೆಲ.

ಆ ಕೆಂಪು ಕಂಡು ನನಗೆ ಖುಷಿಯಾಯಿತು. ನಮ್ಮ ಊರಿನದೂ ಇಂಥದೇ ಮಣ್ಣು ಎಂದು ನಿನ್ನಿಂದ ಹೇಳಿಸಿದೆ. ನೀನು ವೆಸ್ನಾಳನ್ನು ಕೇಳಿ ಹೇಳಿದೆ: “ಅಜ್ಜಿ, ಅದು ಮಣ್ಣಿನ ಕಲರ್ ಅಲ್ಲ ಅಂತೆ. ಬ್ಲಡ್ಡಂತೆ. ತುಂಬ ಸಲ ಫೈಟ್ ಆಗಿದ್ದಂತೆ ಅಲ್ಲಿ.” ನಾನು ಆ ಕೆಂಪಿನ ಮೇಲಿಟ್ಟಿದ್ದ ಬೆರಳನ್ನು ಮೆಲ್ಲಗೆ ಹಿಂದೆಗೆದುಕೊಂಡೆ.

ಅವಳ ಪಾಸ್‌ಪೋರ್ಟಿನ ಮೇಲಿನ ಹಕ್ಕಿಯನ್ನೂ ಅಂದು ನೋಡಿದೆ. ಎರಡು ತಲೆ! ನಮ್ಮ ರೇಷನ್ ಕಾರ್ಡಿನ ಮೇಲಿನ ಗಂಡಭೇರುಂಡ ಅಷ್ಟು ದೂರ ಹೇಗೆ ಹಾರಿತೋ, ಅಥವಾ ಅಲ್ಲಿಂದಲೇ ಇಲ್ಲಿಗೆ ಬಂತೋ, ಬಲ್ಲವರು ಹೇಳಬೇಕು. ನಾನಂತೂ ಆ ಕ್ಷಣದಿಂದ ವೆಸ್ನಾಳನ್ನು ನೆಂಟರ ಪೈಕಿ ಎಂದೇ ಎಣಿಸಿದೆ.

ಧ್ವಜದಲ್ಲಿ ಕೋಟೆಬಾಗಿಲಿನ ಸುತ್ತ ಬಟ್ಟೆ ಹರಿದು ಎಳೆ ಎಳೆಯಾಗಿತ್ತು. ಅದು ಅವಳ ಅಪ್ಪನ ದೋಣಿಯಲ್ಲಿದ್ದ ಧ್ವಜವಂತೆ. ಶುಕ್ರವಾರ ಮನೆಗೆ ಜನ ಬರುತ್ತಾರೆ, ಅಷ್ಟರೊಳಗೆ ಹೊಲಿದು ಕೊಡಲು ಆಗುತ್ತದೆಯೇ ಎಂದು ಕೇಳಿದಳು. ಆಗದೆ ಏನು? ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನನ್ನನ್ನು ಒಮ್ಮೆಯೂ ಹೊಗಳಿದವರಲ್ಲ, ಆದರೆ ಹೊಲಿಗೆಯ ಟೀಚರು ನನ್ನ ಸರಪಳಿ ಹೊಲಿಗೆಯನ್ನು ಇಡೀ ಕ್ಲಾಸಿಗೆ ತೋರಿಸಿದ್ದರು.

ಎರಡು ದಿನದಲ್ಲಿ ಬಿಳಿ ತೇಪೆ ಹಾಕಿ ಕೋಟೆಯನ್ನು ನಿಲ್ಲಿಸಿದೆ. ನೋಡಿದರೆ ಬಾಗಿಲು ಬೋಳು ಬೋಳು. ಮನೆಗೆ ಜನ ಬರುವ ದಿನ ಹೀಗಿದ್ದರೆ ಹೇಗೆ? ಡಬ್ಬಿಯಲ್ಲಿ ಹಸಿರು ದಾರ ಇತ್ತು. ಬಾಗಿಲಿನ ನೆತ್ತಿಯ ಮೇಲೆ ಒಂಬತ್ತು ಮಾವಿನೆಲೆ ಹೊಲಿದೆ, ನಡುವೆ ಒಂದೊಂದು ಹಳದಿ ಚುಕ್ಕೆ, ಗೊಂಡೆ ಹೂವಿಗೆ. ಅಜ್ಜ ಹೋದ ಮೇಲೆ ಹಬ್ಬದ ದಿನ ತೋರಣ ಕಟ್ಟುವ ಕೆಲಸ ನಾನು ಬಿಟ್ಟಿದ್ದೆ. ಬಿಡು ಎಂದು ಯಾರೂ ಹೇಳಿರಲಿಲ್ಲ, ನಾನೇ ಹಿಂದೆ ಸರಿದಿದ್ದೆ. ಹೊಲಿಯುವಾಗ ಅದೊಂದೂ ನೆನಪಾಗಲಿಲ್ಲ. ಹಾಡು ಗುನುಗಿದ್ದೆನಂತೆ, ನೀನೇ ಹೇಳಿದ್ದು.

ಗುರುವಾರ ಸಂಜೆ ನಿನ್ನ ಅಮ್ಮ ಆಫೀಸಿನಿಂದ ಬಂದವಳು, “ಅತ್ತೆ, ನಾಳೆ ವೆಸ್ನಾಳಲ್ಲಿಗೆ ಹೋಗ್ಲಿಕ್ಕುಂಟು. ಅವಳ ಅಪ್ಪನದು ನಲವತ್ತನೇ ದಿನ ಅಂತೆ. ಲಿಫ್ಟಲ್ಲಿ ಸಿಕ್ಕಿ ಹೇಳಿದ್ಳು, ಪಾಪ” ಎಂದಳು.

“ಎಂತದು ನಲವತ್ತು?”

“ತೀರಿಹೋಗಿ ನಲವತ್ತು ದಿನ. ನಮ್ಮಲ್ಲಿ ಉತ್ತರಕ್ರಿಯೆಗೆ ಬೊಜ್ಜ ಮಾಡುವ ಹಾಗೆ. ಅವಳಿಗೆ ಮಣ್ಣಿಗೂ ಹೋಗ್ಲಿಕ್ಕಾಗ್ಲಿಲ್ಲ, ರಜೆ ಸಿಗದೆ. ಆ ಧ್ವಜ ಒಂದನ್ನು ತಮ್ಮ ಕಳಿಸಿಕೊಟ್ಟದ್ದಂತೆ.”

ಸಾವಿನ ಮನೆಗೆ ತೋರಣ! ನಮ್ಮಲ್ಲಿ ಶತ್ರುವಿಗೂ ಹಾಗೆ ಮಾಡುವುದಿಲ್ಲ. ಅಪ್ಪನ ಮುಖ ಕಡೆಗೊಮ್ಮೆ ಕಾಣಲಾಗದ ಹುಡುಗಿಗೆ ಉಳಿದದ್ದು ಆ ಒಂದು ಬಟ್ಟೆ, ಅದನ್ನೇ ನಾನು ಕೆಡಿಸಿದ್ದೆ. ಬಿಚ್ಚಲು ಕುಳಿತೆ. ಮೊದಲನೇ ಎಲೆಯ ದಾರ ಎಳೆದಾಗಲೇ ಹಳೆಯ ಬಟ್ಟೆ ಪರ್ರೆಂದು ಹರಿಯಿತು. ಟೀಚರು ಮೆಚ್ಚಿದ ಹೊಲಿಗೆಯಲ್ಲವೇ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹರಿದಲ್ಲಿಗೆ ಮತ್ತೆ ಅದೇ ಎಲೆಯನ್ನು ಹೊಲಿದೆ.

ನಿನ್ನ ಕೈ ಹಿಡಿದು ಎದುರು ಮನೆಗೆ ಹೋದೆ. ಧ್ವಜ ಕೊಟ್ಟು ಎಲ್ಲ ಹೇಳಿಸಿದೆ. ಇದು ಶುಭಕ್ಕೆ ಕಟ್ಟುವುದು, ದುಃಖದ ಮನೆಗೆ ಕಟ್ಟಬಾರದ್ದು, ಗೊತ್ತಿರಲಿಲ್ಲ, ನನ್ನನ್ನು ಕ್ಷಮಿಸು. ನೀನು ಎಷ್ಟು ಹೇಳಿದೆಯೋ, ಎಷ್ಟು ನುಂಗಿದೆಯೋ. ವೆಸ್ನಾ ಎಲೆಗಳ ಮೇಲೆ ಬೆರಳಾಡಿಸಿದಳು. ಧ್ವಜ ಮಡಚಿ ಎದೆಗೊತ್ತಿಕೊಂಡು ಬಾಗಿಲು ಮುಚ್ಚಿದಳು.

ಮರುದಿನ ನಾನು ಬರುವುದಿಲ್ಲವೆಂದೆ. ನಿನ್ನ ಅಮ್ಮ ಬಿಡಲಿಲ್ಲ. “ತಪ್ಪು ಮಾಡಿ ಒಳಗೆ ಕೂತ್ರೆ ಅದು ಇನ್ನೊಂದು ತಪ್ಪು ಆಗ್ತದೆ ಅತ್ತೆ, ಯಲ್ಲಾ, ಏಳಿ!” ಎಂದು ಇಲ್ಲಿಯ ಅರಬ್ಬರ ಹಾಗೆ ಅವಸರಿಸಿದಳು. ಗೋಡೆ ಹಿಡಿದುಕೊಂಡೇ ಹೋದೆ.

ಅಪ್ಪನ ಫೋಟೋ, ಮುಂದೆ ಮೇಣದ ಬತ್ತಿ, ಮೇಲೆ ಗೋಡೆಯಲ್ಲಿ ಧ್ವಜ. ತೂಗುಹಾಕಿದ್ದಳು! ಏಳೆಂಟು ಮಂದಿ ಅವಳ ಊರವರು ಇದ್ದರು. ಅವರಲ್ಲೊಬ್ಬರು ಮುದುಕರು, ಮೇಷ್ಟ್ರಾಗಿದ್ದವರಂತೆ, ಕನ್ನಡಕ ಏರಿಸಿ ಧ್ವಜದ ಹತ್ತಿರ ಹೋದರು. ಬಾಗಿಲಿನ ಮೇಲೆ ಬೆರಳಿಟ್ಟು ಏನೋ ಗಟ್ಟಿಯಾಗಿ ಹೇಳಿದರು. ಭಾಷೆ ಬಾರದಿದ್ದರೂ ಮೇಷ್ಟ್ರು ತಪ್ಪು ಹುಡುಕಿದ ದನಿ ನನಗೆ ತಿಳಿಯದೇ? ಎಲ್ಲರೂ ತಿರುಗಿ ನೋಡಿದರು. ನಾನು ಸೆರಗು ಹೊದ್ದು ಸೋಫಾದ ಮೂಲೆಗೆ ಮುದುಡಿದೆ.

ವೆಸ್ನಾ ಎದ್ದಳು. ಮೊದಲು ಅವರ ಭಾಷೆಯಲ್ಲಿ ಹೇಳಿ, ಆಮೇಲೆ ನಮಗಾಗಿ ಇಂಗ್ಲಿಷಿನಲ್ಲಿ ಹೇಳಿದಳು. ನೀನು ನನ್ನ ಕಿವಿಗೆ ಬಾಯಿಟ್ಟೆ:

“ಅಜ್ಜಿ, ಆಂಟಿ ಹೇಳ್ತಾರೆ, ಶಿಪ್ ರೋಮ್‌ನವರು ತಂದದ್ದು. ಎರಡು ಹೆಡ್ಡಿನ ಬರ್ಡ್ ಬೇರೆ ಕಡೆಯಿಂದ ಬಂದದ್ದು. ತುಂಬ ಜನ ಬ್ರೇಕ್ ಮಾಡ್ಲಿಕ್ಕೆ ಬಂದ್ರಂತೆ. ಈ ಮಮ್ಮಾ ಒಬ್ಬಳು ಲೀಫ್ ಹಿಡ್ಕೊಂಡು ಬಂದದ್ದು. ಪಪ್ಪಂಗೆ ಲೈಕ್ ಆಗ್ತದೆ, ಅದು ಅಲ್ಲೇ ಇರ್ಲಿ ಅಂತೆ.”

ಮುದುಕರು ಧ್ವಜವನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಆಮೇಲೆ, ತೀರಿಕೊಂಡವರ ಹೆಸರಲ್ಲಿ ಅವರು ಹಂಚುವ, ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿದ ತಟ್ಟೆಯನ್ನು ತಾವೇ ತಂದು ಮೊದಲ ಚಮಚವನ್ನು ನನಗೆ ಕೊಟ್ಟರು.

ಶ್ರೇಯಾ, ನಿನ್ನ ಆ ಮಾತನ್ನು ಮನೆಗೆ ಬಂದ ಮೇಲೆ ತಿದ್ದಿ, ಒಳ್ಳೆಯ ಕನ್ನಡದಲ್ಲಿ ನಿನ್ನಿಂದ ಇನ್ನೊಮ್ಮೆ ಹೇಳಿಸಬೇಕೆಂದಿದ್ದೆ. ಬಾಗಿಲು ದಾಟುವಷ್ಟರಲ್ಲಿ ಮನಸ್ಸು ಬದಲಾಯಿತು. ಇಂದಿಗೂ ನನಗೆ ನೆನಪಿರುವುದು ಆ ಶಿಪ್ಪು, ಆ ಬರ್ಡು, ಆ ಲೀಫು.