ನುಂಗಿದ ಸೊಲ್ಲು

ಮೊನ್ನೆ ಮೊನ್ನೆಯವರೆಗೆ ನಮ್ಮ ಮನೆಯ ಕಿಟಕಿಯೊಂದರ ಮೇಲೆ ಕೌದಿ ತೂಗಾಡುತ್ತಿತ್ತು. ಅವ್ವನ ಹಳೆಯ ಇಲಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ, ಎಲ್ಲವೂ ಜಾತಿಮತ ಮರೆತು ಒಂದಾದ ದೊಡ್ಡ ಕೌದಿ. ಚಳಿಗೆಂದು ಕಟ್ಟಿದ್ದಲ್ಲ, ನಮ್ಮ ಶಹಾಪುರಕ್ಕೆ ಚಳಿ ಬಂದರೂ ಅವಸರದ ನೆಂಟನಂತೆ ಚಹಾ ಕುಡಿಯುವಷ್ಟರಲ್ಲಿ ಹೊರಟುಬಿಡುತ್ತದೆ. ಕಟ್ಟಿದ್ದು ನನ್ನ ಲ್ಯಾಪ್‌ಟಾಪಿನ ಸಲುವಾಗಿ. ಆ ಕಿಟಕಿಯಾಚೆ ಕಾಕಾನ ಹೆಂಡತಿ, ಚಿಗವ್ವ ನೀಲವ್ವನ ಅಡುಗೆಮನೆ. ಆಕೆ ರೊಟ್ಟಿ ಬಡಿಯುವ ಸದ್ದು ನನ್ನ ಧ್ವನಿಮುದ್ರಣಕ್ಕೆ ಬರಬಾರದೆಂದು ಈ ಏರ್ಪಾಡು. ಅವ್ವನಿಗೂ ಅದು ಹಿತವೇ ಆಗಿತ್ತು. ಮದುವೆಯೊಂದರಲ್ಲಿ ಉಡಿ ತುಂಬುವಾಗ ಅವ್ವ ತನ್ನನ್ನು ಮೊದಲು ಕರೆಯಲಿಲ್ಲವೆಂದು ಸಿಟ್ಟಾದ ಚಿಗವ್ವ, ಪಂಚಮಿಯಿಂದೀಚೆಗೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ.

ಅವ್ವನ ಗಂಟಲಲ್ಲಿ ಗಡ್ಡೆ. ಕಲಬುರಗಿಯಲ್ಲಿ ಆಪರೇಷನ್ ನಿಗದಿಯಾಗಿತ್ತು. ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಬೋನಾಳದ ತವರಿನಿಂದ ಅವ್ವ ತಂದದ್ದರಲ್ಲಿ ಇನ್ನೂ ಸವೆಯದೆ ಉಳಿದಿರುವುದು ಬೀಸುವ ಪದಗಳು ಮಾತ್ರ. ಅದೂ ಹೋದರೆ ಏನು ಗತಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೆದರಿದ ನನ್ನಂಥ ಮಾಸ್ತರ ಏನು ಮಾಡುತ್ತಾನೆ? ಹಾಡು ಕೇಳುವುದನ್ನು ಬಿಟ್ಟು, ಹಾಡು ಹಿಡಿಯುವ ತಂತ್ರಾಂಶ ಹುಡುಕಲು ಕೂರುತ್ತಾನೆ.

ಇರಲಾರದೆ ಇರುವೆ ಬಿಟ್ಟುಕೊಂಡೆ, ಗೆಳೆಯರೇ. ಈ ಜಗತ್ತಿನಲ್ಲಿ ಹಾಡುವವರು ಕಡಿಮೆಯಾಗಿದ್ದಾರೆ, ಹಾಡನ್ನು ಯಾವುದರಲ್ಲಿ ಮುದ್ರಿಸಬೇಕೆಂದು ಹೇಳುವ ಮಹಾನುಭಾವರು ಮಾತ್ರ ಓಣಿಗೊಬ್ಬರಿದ್ದಾರೆ. ಪುಕ್ಕಟೆಯದನ್ನು ಹಾಕಿಕೊಂಡರೆ ‘ಅದು ಮಕ್ಕಳಾಟಿಕೆ’ ಎನ್ನುತ್ತಾರೆ. ದುಬಾರಿಯದರ ಹೆಸರೆತ್ತಿದರೆ ‘ಅದು ನಿಮಗೆ ಒಗ್ಗುವುದಿಲ್ಲ’ ಎಂದು ಕರುಣೆಯಿಂದ ನೋಡುತ್ತಾರೆ. ಒಂದು ತಂತ್ರಾಂಶವನ್ನು ತೆರೆದರೆ ವಿಮಾನದ ಚಾಲಕನ ಮುಂದಿರುವಷ್ಟು ಗುಂಡಿಗಳು ಕಣ್ಣು ಪಿಳುಕಿಸುತ್ತವೆ. ಹಾರುವುದು ಮಾತ್ರ ಏನೂ ಇಲ್ಲ. ಇನ್ನೊಂದು, ಹಾಡುವ ಮೊದಲೇ ತಾಳದ ವೇಗವೆಷ್ಟೆಂದು ಠಾಣೆಯ ಸಾಹೇಬನ ಗತ್ತಿನಲ್ಲಿ ವಿಚಾರಿಸಿ, ತಾನೇ ಟಕ್ ಟಕ್ ಎಂದು ಶುರುಮಾಡಿತು. ಅವ್ವ ಗೋಡೆಯ ಕಡೆ ನೋಡಿ, “ಹಲ್ಲಿ ಲೊಚಗುಡಾಕತ್ತದ ನೋಡಪಾ, ಈಗ ಹಾಡೂದು ಬ್ಯಾಡ,” ಎಂದು ಎದ್ದುಹೋದಳು. ಮೂರನೆಯದು ಎಲ್ಲಕ್ಕಿಂತ ಉದ್ಧಟ: ಸ್ವರ ತಪ್ಪಿದೆ, ತಿದ್ದಲೇ ಎಂದು ಅವ್ವನನ್ನೇ ಕೇಳಿತು! ಜೋಳ ಬೀಸಿ ಗಟ್ಟಿಯಾದ ದನಿಯನ್ನು, ಹುಟ್ಟಿದಾಗಿನಿಂದ ಒಂದು ಹಿಡಿ ಹಿಟ್ಟೂ ಮುಟ್ಟದ ಯಂತ್ರ ತಿದ್ದಲು ಹೊರಟಿತ್ತು.

ಕಡೆಗೆ ನಾನು ಮೆಚ್ಚಿದ್ದು ‘ಜಾಣ’ ಎಂಬ ಬಿರುದು ಹೊತ್ತ ಒಂದನ್ನು. ಅವ್ವ ಹಾಡಿದಳು. ಒಂದು ಸೊಲ್ಲು ಹಾಡುವುದು, ಸುಮ್ಮನಾಗಿ ಕೌದಿಯತ್ತ ನೋಡುವುದು, ಮತ್ತೊಂದು ಸೊಲ್ಲು ಎತ್ತುವುದು. ಪಾಪ, ಗಂಟಲು ನೋಯುತ್ತಿದೆ, ದಮ್ಮು ತೆಗೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಹಾಡು ಮುಗಿದದ್ದೇ ತಡ, ಜಾಣ ತಂತ್ರಾಂಶ ಆ ಮೌನಗಳನ್ನೆಲ್ಲ ಹೆಕ್ಕಿ ತೋರಿಸಿ, ಉಪಯೋಗವಿಲ್ಲದ ಜಾಗ, ತೆಗೆಯಲೇ ಎಂದಿತು. ತೆಗೆ ಎಂದೆ. ಜಾಣನಿಗೆ ಜಾಣ ಜೊತೆಯಾದ. ಅಡಿಕೆಯಂತೆ ಕತ್ತರಿಸಿ ಜೋಡಿಸಿದ ಹಾಡನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹೆಮ್ಮೆಯಿಂದ ಬಿಟ್ಟೆ.

ಸಂಜೆಯೊಳಗೆ ಚಿಗವ್ವ ನಮ್ಮ ಪಡಸಾಲೆಯಲ್ಲಿದ್ದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

“ಅಕ್ಕಾ, ನನ್ನ ಮ್ಯಾಲ ಸಿಟ್ಟಿದ್ರ ಬೈ. ನನ್ನ ಸೊಲ್ಲ ಯಾಕ ನುಂಗೀದಿ? ಬಳಗದ ಮಂದಿ ಕೇಳಾಕತ್ತಾರ, ನೀಲವ್ವ ಸತ್ತಾಳೇನ ಅಂತ!”

ಬೀಸುಕಲ್ಲಿಗೆ ಎದುರುಬದುರು ಕೂತ ಇಬ್ಬರಲ್ಲಿ ಒಬ್ಬಳು ಸೊಲ್ಲು ಎತ್ತಿದರೆ ಇನ್ನೊಬ್ಬಳು ಹಿಡಿಯಬೇಕು; ಜೊತೆಗಾತಿ ತೀರಿಕೊಂಡಾಗ ಮಾತ್ರ ಉಳಿದವಳು ತೆರಪಿಲ್ಲದೆ ಒಬ್ಬಳೇ ಹಾಡುವುದು ನಮ್ಮವರ ರೂಢಿ. ಈ ನೆಗೆಣ್ಣಿಯರ ಹಾಡಿಗೇ ನಿದ್ದೆ ಹೋಗಿ ಬೆಳೆದ ನನಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ತಂತ್ರಾಂಶ ಹೊಕ್ಕ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ. ಬದುಕಿರುವ ಚಿಗವ್ವನನ್ನು ಒಂದು ಗುಂಡಿ ಒತ್ತಿ ನಾನು ಕೊಂದಿದ್ದೆ.

ಅವ್ವನ ಮುಖ ಬಿಳಿಚಿತು. “ನಾ ಯಾಕ ನುಂಗಲಿ? ನಿನ್ನ ಜಾಗಾ ನಿನಗ ಬಿಟ್ಟೇ ಹಾಡೀನಿ. ಈ ಮಾಸ್ತರನ ಕೇಳು, ಏನ್ ಮಾಡ್ಯಾನಂತ.”

ಅಷ್ಟೂ ಗುಂಡಿಗಳಲ್ಲಿ ನನಗೆ ಬೇಕಾದದ್ದು ಒಂದೇ ಒಂದು, ಮೂಲೆಯಲ್ಲಿ ಹಿಂದಕ್ಕೆ ಬಾಗಿದ ಬಡಪಾಯಿ ಬಾಣ. ಅದರ ಗುಣಗಾನ ಯಾವ ಪಂಡಿತನೂ ಮಾಡಿರಲಿಲ್ಲ. ಒತ್ತಿದೆ, ಮೌನಗಳೆಲ್ಲ ವಾಪಸು ಬಂದವು. ಅವ್ವನ ಸೊಲ್ಲು ಕೇಳಿತು, ಆಮೇಲೆ ಬರಿದು ಹೊತ್ತು. ಚಿಗವ್ವ ತಲೆ ಓರೆ ಮಾಡಿ ಆ ಬರಿದನ್ನೇ ಕೇಳುತ್ತಿದ್ದಳು. ಮಾತು ಬಿಟ್ಟ ಇಷ್ಟು ದಿನಗಳಾದ ಮೇಲೂ ತನ್ನ ಸೊಲ್ಲಿನ ಅಳತೆಗೆ ಒಂದಿಷ್ಟೂ ಕಡಿಮೆಯಾಗದಂತೆ ಅಕ್ಕ ಜಾಗ ಬಿಟ್ಟಿದ್ದಳು. ಎರಡನೆಯ ತೆರಪಿನಲ್ಲಿ ಚಿಗವ್ವ ಮೂಗು ಒರೆಸಿಕೊಂಡಳು, ಮೂಗಿಗೆಲ್ಲ ಹಿಟ್ಟಾಯಿತು. ಮೂರನೆಯದರಲ್ಲಿ ಹಾಡಿದಳು. ಅವ್ವ ಲ್ಯಾಪ್‌ಟಾಪಿನ ಬಾಯಿ ಮುಚ್ಚಿ, ಮುಂದಿನ ಸೊಲ್ಲನ್ನು ತಾನೇ ಎತ್ತಿದಳು.

ಆಮೇಲೆ ಮುದ್ರಿಸಿದ್ದು ನನ್ನ ಫೋನಿನಲ್ಲಿ ಮೊದಲಿನಿಂದಲೂ ಇದ್ದ ಒಂದೇ ಕೆಂಪು ಗುಂಡಿಯಿಂದ. ಬಳೆ, ಕೆಮ್ಮು, ಬೀದಿಯ ಟಂಟಂ ಗಾಡಿ ಎಲ್ಲವೂ ಅದರಲ್ಲಿವೆ. ಜಾಣ ತಂತ್ರಾಂಶವನ್ನು ಅಳಿಸಿಹಾಕುವಾಗ ಅದು, ನಿಜವಾಗಿಯೂ ಹೋಗಲೇ ಎಂದು ಕೇಳಿತು. ನಾನು ‘ಹೌದು’ ಎಂಬುದನ್ನು ಎರಡು ಸಲ ಒತ್ತಿದೆ.

ಆಪರೇಷನ್ ಆಗಿದೆ. ಸದ್ಯಕ್ಕೆ ಮಾತಾಡಕೂಡದು ಎಂದಿದ್ದಾರೆ. ಬರುವ ದನಿ ಹಳೆಯದೇ ಇರುತ್ತದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಬೆಳಿಗ್ಗೆ ಆಚೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಚಿಗವ್ವ ಮೊದಲು ಅವ್ವನ ಸೊಲ್ಲಿನಷ್ಟು ಹೊತ್ತು ಸುಮ್ಮನಿರುತ್ತಾಳೆ, ಆಮೇಲೆ ತನ್ನದನ್ನು ಹಿಡಿಯುತ್ತಾಳೆ. ಆ ತೆರಪಿನ ಹೊತ್ತಿನಲ್ಲಿ ಈಚೆ ಹಾಸಿಗೆಯ ಮೇಲೆ ಅವ್ವನ ತುಟಿಗಳು ಅಲುಗುತ್ತವೆ. ಕೌದಿ ಈಗ ಅವ್ವನ ಕಾಲ ಮೇಲಿದೆ. ಕಿಟಕಿ ತೆರೆದೇ ಇರುತ್ತದೆ.