ಸೊಪ್ಪಿನ ದಾರ, ಪೆಟ್ರೋಲ್ ಪೈಪು

ಗಾವಡಗೆರೆ ಪಕ್ಕದಲ್ಲಿ ಹೊಗೆಸೊಪ್ಪಿನ ಶೆಡ್ಡಿನೊಳಗೆ ವಿಮಾನ ಕಟ್ಟುವವನನ್ನು ಜನ ಸುಮ್ಮನೆ ಬಿಟ್ಟಾರೆಯೇ? ಪಕ್ಕದ ಹೊಲದ ಚಲುವರಾಜು ದಿನಾ ಬಾಗಿಲಲ್ಲಿ ತಲೆ ಹಾಕಿ, "ಏನ್ ಕನಕಣ್ಣ, ಈ ವರ್ಸನಾದ್ರೂ ಆರ್ತದೋ, ಇಲ್ಲಾ ಅಂಗೇ ಕಾವಿಗೆ ಕುಂತಿರ್ತದೋ?" ಅನ್ನುತ್ತಿದ್ದ. ಕನಕರಾಜು ನಗುತ್ತಿದ್ದ. ಈಚೆಗೆ ಅವನು ನಗುವುದು ಬಿಟ್ಟ, ಚಲುವರಾಜು ಬರುವುದು ಬಿಟ್ಟ.

ಕನಕರಾಜು ಏರ್‌ಫೋರ್ಸಿನಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವನು. ಇಪ್ಪತ್ತು ವರ್ಷ ಸರ್ಕಾರದ ವಿಮಾನ ರಿಪೇರಿ ಮಾಡಿ ಊರಿಗೆ ಬಂದವನಿಗೆ, ತನ್ನದೂ ಒಂದಿರಲಿ ಅನ್ನುವ ಹುಚ್ಚು ಹತ್ತಿತು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಜೋಡಿಸಲು ಕೂತ. "ಥೂ, ಸೊಪ್ಪು ಇಡೋ ಜಾಗದಲ್ಲಿ ಇದೇನ್ರೀ ಅವಾಂತರ!" ಎಂದು ಹೆಂಡತಿ ಪುಟ್ಟಲಕ್ಷ್ಮಿ ಹಣೆ ಚಚ್ಚಿಕೊಂಡಳು. ಆರು ತಿಂಗಳಲ್ಲಿ ಅವನಿಗಿಂತ ಅವಳಿಗೇ ಗೀಳು ಹೆಚ್ಚಾಯಿತು. ಪೆಟ್ರೋಲ್ ಸರಿಯಾಗಿ ಹರಿಯುತ್ತದೋ ಅಂತ ನೋಡಲು ಅವನು ಸೀಟಿನಲ್ಲಿ ಕೂತು ಪಂಪಿನ ಸ್ವಿಚ್ ಹಾಕಿದರೆ, ಮುಂದೆ ವಿಮಾನದ ಮೂತಿಯ ಕೆಳಗೆ ಬಕೆಟ್ ಹಿಡಿದು ಕೂತವಳು "ಬಂತು ಕಣ್ರೀ, ನಿಲ್ಸಿ!" ಎಂದು ಕೂಗಬೇಕು. ಸೀಟಿನಿಂದ ಬಕೆಟ್ ಕಾಣುವುದಿಲ್ಲ.

ಒಂದು ದಿನ ಅವನು ಪೈಪು ಬಿಗಿಯುವ ಕ್ಲಾಂಪು ತರಲು ಪಿರಿಯಾಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ, ಹಿಂದಿನ ಟ್ಯಾಂಕಿನಿಂದ ಇಂಜಿನ್ನಿನವರೆಗೆ ಸಡಿಲವಾಗಿ ಬಿಟ್ಟಿದ್ದ ಪೆಟ್ರೋಲ್ ಪೈಪನ್ನು ಅವಳೇ ಕಟ್ಟಿ ಮುಗಿಸಿದ್ದಳು. ಕಡ್ಡಿಗೆ ಹೊಗೆಸೊಪ್ಪು ಕಟ್ಟುವ ದಾರದಲ್ಲಿ, ಅದೇ ಗಂಟುಗಳಲ್ಲಿ! "ಕೆಳಗೆ ಬಿಟ್ರೆ ಇಲಿ ಕಡಿದಾವು ಅಂತ ಮ್ಯಾಲೆತ್ತಿ ಕಟ್ಟಿವ್ನಿ" ಎಂದಳು. ಶೆಡ್ಡಿನಲ್ಲಿ ಯಾವುದನ್ನೂ ನೆಲದ ಮೇಲೆ ಬಿಡದ ಹೆಂಗಸು. ಪೈಪು ಸೀಟಿನ ಹಿಂದೆ ಗೂನು ಬೆನ್ನಿನ ಹಾಗೆ ಎದ್ದು, ಮತ್ತೆ ಇಳಿದು ಹೋಗಿತ್ತು. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡರೆ ಇಂಜಿನ್ನಿಗೆ ಪೆಟ್ರೋಲ್ ಬರುವುದಿಲ್ಲ, ಆಕಾಶದಲ್ಲಿ ಇಂಜಿನ್ ನಿಂತರೆ ದೇವರೇ ಗತಿ. ಕನಕರಾಜುಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳ ಮುಖ ನೋಡಿ, "ಭಲೇ ಕಣೇ" ಎಂದ. ಆಮೇಲೆ ಸರಿ ಮಾಡಿದರಾಯಿತು ಅಂದುಕೊಂಡ.

ಅದಾದ ಮೂರನೇ ವಾರ ಎದೆನೋವು ಅಂದವಳು ಹುಣಸೂರಿನ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು.

ವರ್ಷ ಕಳೆದು ಮತ್ತೆ ಸ್ವಿಚ್ ಹಾಕಿದಾಗ ಪೆಟ್ರೋಲ್ ಬಿಕ್ಕುತ್ತಾ ಬಂತು. ಕನಕರಾಜು ಪಂಪು ಬದಲಾಯಿಸಿದ. ಫಿಲ್ಟರ್ ಬದಲಾಯಿಸಿದ. ಟ್ಯಾಂಕು ಇಳಿಸಿ ತೊಳೆದ. ಎಲ್ಲಿ ತಪ್ಪಿದೆ ಅಂತ ಚೆನ್ನಾಗಿ ಗೊತ್ತಿದ್ದೂ ಊರೆಲ್ಲ ಹುಡುಕಿದ, ಪುಣ್ಯಾತ್ಮ! ಆ ಗಂಟುಗಳನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ. ಮನೆಯಲ್ಲಿ ಅವಳ ಸೀರೆಗಳನ್ನೆಲ್ಲ ತಂಗಿಯರು ಹಂಚಿಕೊಂಡು ಹೋಗಿದ್ದರು. ಅವಳ ಕೈ ಮಾಡಿದ್ದು ಅಂತ ಹಾಗೇ ಉಳಿದಿದ್ದು ಇದೊಂದೇ.

ಕೊನೆಗೆ ಒಂದು ಮಧ್ಯಾಹ್ನ, ಗೂನು ಇದ್ದ ಕಡೆಯ ನಾಲ್ಕು ಗಂಟು ಮಾತ್ರ ಬಿಚ್ಚೋಣ, ಮಿಕ್ಕಿದ್ದು ಇರಲಿ ಅಂತ ದಾರದ ತುದಿ ಹಿಡಿದು ಮೆಲ್ಲಗೆ ಎಳೆದ.

ಸೊಪ್ಪು ಕಟ್ಟುವ ದಾರ ಅದು. ಒಣಗಿದ ಸೊಪ್ಪು ಒಂದೇ ಎಳೆತಕ್ಕೆ ಉದುರಲಿ ಅಂತಲೇ ಹಾಗೆ ಕಟ್ಟುವುದು. ಸರಸರ ಅಂತ ಇಂಜಿನ್ನಿನಿಂದ ಟ್ಯಾಂಕಿನವರೆಗೆ ಗಂಟುಗಳೆಲ್ಲ ಒಂದೇ ಉಸಿರಿಗೆ ಬಿಚ್ಚಿಕೊಂಡವು. ಎಲ್ಲಿ ಬೆರಳಿಟ್ಟು ತಡೆಯಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. "ನಿಮ್ ಕೈ ಇಂಜಿನ್ನಿಗೇ ಸರಿ, ಸೊಪ್ಪಿಗಲ್ಲ" ಎಂದು ಅವಳು ಅವನಿಗೆ ಕಟ್ಟಲು ಬಿಟ್ಟವಳೇ ಅಲ್ಲ. ಕೈಯಲ್ಲಿ ಬರೀ ದಾರ ಉಳಿಯಿತು. "ಅಯ್ಯೋ" ಅಂದ, ಅಲ್ಲೇ ಕೂತು ಅತ್ತ.

ಅತ್ತು ಮುಗಿದ ಮೇಲೆ ಎದ್ದು, ಪೈಪನ್ನು ಕೆಳಗಿನಿಂದ ನಿಧಾನವಾಗಿ ಏರುತ್ತಾ ಹೋಗುವ ಹಾಗೆ ಹಾಕಿ, ಗೇಣಿಗೊಂದು ಕ್ಲಾಂಪು ಬಿಗಿದ. ಮೂತಿಯ ಕೆಳಗೆ ಬಕೆಟ್ ಇಟ್ಟು, ಸೀಟಿಗೆ ಹತ್ತಿ, ಸ್ವಿಚ್ ಹಾಕಿದ.

ಪಂಪು ಗುಂಯ್ ಅನ್ನುತ್ತಿತ್ತು. ಅವನು ಕೂತೇ ಇದ್ದ, ಸ್ವಿಚ್ ಮೇಲೆ ಬೆರಳಿಟ್ಟುಕೊಂಡು, ಕಿವಿ ಮುಂದಕ್ಕೆ ಕೊಟ್ಟುಕೊಂಡು. ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ ಹೊಡೆದಾಗಲೇ ಎಚ್ಚರವಾದದ್ದು. ಆರಿಸಿ ಇಳಿದು ನೋಡಿದರೆ, ಬಕೆಟ್ ತುಂಬಿ ಚೆಲ್ಲಿ ಚಕ್ರದವರೆಗೆ ಹರಿದಿತ್ತು.

"ಬಂತು ಕಣೇ," ಎಂದ ಕನಕರಾಜು, "ನಿಲ್ಲಿಸ್ದೆ."