ಸಿರಿಗೇರಿಯ ಪಿಕಪ್ ಅಕ್ಕ

ಬ್ರೇಕ್ ಆಯಿಲಿಗೆ ಒಂದು ವಾಸನೆ ಇರುತ್ತದೆ. ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿದಂಥ ವಾಸನೆ. ನಾನು ನರ್ಸಾಗಿ ದುಡಿದವಳು, ಹರಳೆಣ್ಣೆ ಸ್ಪಿರಿಟ್ ಎರಡೂ ಮೂವತ್ತು ವರ್ಷ ನನ್ನ ಕೈಗೆ ಅಂಟಿಕೊಂಡಿದ್ದವು. ಆದರೂ ಹೋದ ತಿಂಗಳು ಬಳ್ಳಾರಿಯ ಪಾರ್ವತಿನಗರದ ನಮ್ಮ ಪಕ್ಕದ ಮನೆಯಲ್ಲಿ ಯಾರೋ ಕಾರಿನ ಚಕ್ರ ಬಿಚ್ಚಿಕೊಂಡು ಕೂತಿದ್ದಾಗ ತೇಲಿಬಂದ ಆ ವಾಸನೆ ನನಗೆ ಯಾವ ಆಸ್ಪತ್ರೆಯನ್ನೂ ನೆನಪಿಸಲಿಲ್ಲ. ಸೀದಾ ಸಿರಿಗೇರಿಯ ಒಂದು ಅಂಗಳಕ್ಕೆ ಕರೆದುಕೊಂಡು ಹೋಯಿತು. ಸೋಸುತ್ತಿದ್ದ ಮೆಂತ್ಯ ಸೊಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕಾಂಪೌಂಡ್ ಗೋಡೆಗೆ ಒರಗಿ ನಿಂತುಬಿಟ್ಟೆ...

ನನ್ನ ತವರು ಕುರುಗೋಡು. ಎಪ್ಪತ್ತರ ದಶಕದ ಶುರುವಿನಲ್ಲಿ ಹೆರಿಗೆ ನರ್ಸಾಗಿ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಸಿರಿಗೇರಿಗೆ. ಅಲ್ಲಿ ನನ್ನ ಬಾಡಿಗೆ ಮನೆಯ ಎದುರಿಗೇ ಅವಳಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು. ಹಣೆಯ ಮೇಲೆ ವಿಭೂತಿ, ಸೀರೆಯ ಮೇಲೆ ಗಂಡನ ಖಾಕಿ ಅಂಗಿ. ಊರಿನವರು ಅವಳ ಹೆಸರನ್ನೇ ಮರೆತಿದ್ದರು. ಎಲ್ಲರಿಗೂ ಅವಳು ಪಿಕಪ್ ಅಕ್ಕ.

ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪಿಕಪ್ ಗಾಡಿ ಅದು. ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ತೆರೆದ ತೊಟ್ಟಿ. ಅವಳ ಗಂಡ ಅದನ್ನು ತಂದು ಸುತ್ತಲಿನ ಹಳ್ಳಿಗಳ ಹತ್ತಿ, ಮೆಣಸಿನಕಾಯಿಯನ್ನು ಬಳ್ಳಾರಿ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದನಂತೆ. ಒಂದು ದಿನ ನಮ್ಮ ಕುರುಗೋಡಿನ ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗಾಡಿ ಬಂಡೆಗೆ ಬಡಿದು ಅವನು ಅಲ್ಲೇ ಹೋದ. ನಾನು ಸಿರಿಗೇರಿಗೆ ಬರುವ ನಾಲ್ಕು ವರ್ಷ ಮೊದಲಿನ ಮಾತು. ಆ ಬಂಡೆಯನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಅದನ್ನು ಅವಳಿಗೆ ಹೇಳಿದ ದಿನವೇ ಅವಳು ನನ್ನ ಮುಂದೆ ಬಾಯಿ ಬಿಟ್ಟಳು.

"ಅವತ್ತ ಮುಂಜಾನಿ, ಬ್ರೇಕ್ ಮೆತ್ತಗಾಗೇತಿ, ಬಿಚ್ಚಿ ನೋಡ್ತೀನಿ ಅಂದ್ರು ನಮ್ಮನಿಯವರು. ಚೀಲ ಏರ್ಸಿ ಆಗಿತ್ತು. ಮಂದಿ ಕಾಯಾಕತ್ತ್ಯಾರ, ಇವತ್ತೊಂದಿನ ಹೋಗಿ ಬರ್ರಿ, ನಾಳಿ ನೋಡೀರಂತ ಅಂದಾಕಿ ನಾನ, ತಂಗಿ."

ಅಳಲಿಲ್ಲ. ನಾಳಿ ನೋಡೀರಂತ, ಎಂದು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು.

ಜಜ್ಜಿಹೋದ ಗಾಡಿಯನ್ನು ಎರಡು ಜೋಡಿ ಎತ್ತು ಕಟ್ಟಿ ಸಿರಿಗೇರಿಗೆ ಎಳೆಸಿದ್ದಳು. ಗುಜರಿಗೆ ಹಾಕು ಎಂದರು ಮೈದುನಂದಿರು. ಅವಳು ಬಳ್ಳಾರಿಗೆ ಹೋಗಿ ಒಂದು ಗ್ಯಾರೇಜಿನ ಮುಂದೆ ದಿನಾ ಕೂತಳು. ಅಲ್ಲಿಯ ಮೇಸ್ತ್ರಿ ತೆಲುಗಿನವನು. "ಇದಿ ಆಡವಾಳ್ಳ ಪನಿ ಕಾದಮ್ಮಾ" ಎಂದು, ಇದು ಹೆಂಗಸರ ಕೆಲಸವಲ್ಲವೆಂದು, ಮೊದಲ ವಾರವೆಲ್ಲ ಅಟ್ಟಿದನಂತೆ. ಎರಡನೆಯ ವಾರ ನಟ್ಟು ಬಿಚ್ಚುವ ಪಾನಾ ತೆಗೆದುಕೊಡಲು ಹೇಳಿದ. ಮೂರು ತಿಂಗಳಿಗೆ ಅವಳು ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತು ಬಂದಳು. ಊರಿನ ಕಮ್ಮಾರನನ್ನು ಕೂರಿಸಿಕೊಂಡು ಮುಂಭಾಗದ ತಗಡನ್ನು ನೆಟ್ಟಗೆ ಮಾಡಿಸಿದಳು. ಉಳಿದದ್ದೆಲ್ಲ ಅವಳದೇ ಕೈ. ಪ್ಲಗ್ ಉಜ್ಜುವುದು, ಬ್ಯಾಟರಿಗೆ ನೀರು, ಕಮಾನು ಪಟ್ಟಿಗಳ ನಡುವೆ ಗ್ರೀಸ್.

ಆದರೆ ಅವಳ ಜೀವವೆಲ್ಲ ಇದ್ದದ್ದು ಬ್ರೇಕಿನಲ್ಲಿ. ಗಾಡಿ ಹತ್ತಿದರೆ ಸ್ಟಾರ್ಟ್ ಮಾಡುವ ಮೊದಲು ಮೂರು ಸಲ ಪೆಡಲ್ ತುಳಿಯುವಳು. ನನ್ನ ಮನೆಯ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುವಾಗಲೂ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಒತ್ತುವುದು, ಬಿಡುವುದು. ಅದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ವಾರಕ್ಕೊಮ್ಮೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಬೇಕು ಎನ್ನುವಳು. ಅಷ್ಟು ಸಲ ಬೇಕಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹತ್ತಿರದ ಸಣ್ಣ ತಿರುಪನ್ನು ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆಗಳು ಹೊರಗೆ ಬರುತ್ತವೆ. ತಿರುಪು ಬಿಗಿದ ಮೇಲೆ ಕಾಲು ತೆಗೆಯಬೇಕು. ನಾನು ಸಲೈನಿನ ಖಾಲಿ ಗಾಜಿನ ಬಾಟಲಿ, ರಬ್ಬರ್ ನಳಿಕೆ ಕೊಟ್ಟಿದ್ದೆ. ಗುಳ್ಳೆ ಕಾಣಲೆಂದು ಅವಳು ಅದನ್ನೇ ಬಳಸುತ್ತಿದ್ದಳು. ಕೆಳಗಿನಿಂದ ಅವಳ ದನಿ ಮಾತ್ರ ಕೇಳುತ್ತಿತ್ತು.

"ಒತ್ತು... ಹಿಡಕೋ... ಹಾಂ, ಬಿಡು."

ಹೀಗೆ ಎರಡು ವರ್ಷ ಕಳೆದ ಮೇಲೆ ಆ ದಿನ ಬಂತು.

ತೆಕ್ಕಲಕೋಟೆಯ ಕಡೆ ಕಾಲುವೆಯ ಬದಿಯಲ್ಲಿ ಒಂದು ಕ್ಯಾಂಪ್ ಇತ್ತು. ಭತ್ತದ ಕೆಲಸಕ್ಕೆ ಬಂದವರ ಹತ್ತಿಪ್ಪತ್ತು ಮನೆ. ಅಲ್ಲೊಬ್ಬಳಿಗೆ ಹೆರಿಗೆ ನೋವು ಶುರುವಾಗಿ ಬೆಳಗ್ಗೆಯೇ ನನಗೆ ಹೇಳಿ ಕಳಿಸಿದ್ದರು. ಚೊಚ್ಚಲು. ನಾನು ಮಾಡಿಸಬಲ್ಲೆ ಅಂದುಕೊಂಡೆ. ಹತ್ತು ಗಂಟೆಗೆ ಅಂದುಕೊಂಡೆ, ಹನ್ನೊಂದಕ್ಕೂ ಅಂದುಕೊಂಡೆ. ಕೂಸು ಕೆಳಗಿಳಿಯಲಿಲ್ಲ. ಹನ್ನೆರಡರ ಸುಮಾರಿಗೆ ಹೆದರಿ, ಒಬ್ಬನನ್ನು ಸೈಕಲ್ ಮೇಲೆ ಅಕ್ಕನ ಬಳಿ ಓಡಿಸಿದೆ. ಅವಳು ಬರುವವರೆಗೆ ಸುಮ್ಮನೆ ಕೂರಲಾರದೆ, ಕೂಸಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಆಕೆಯ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟೆ.

ಕೇಳಲಿಲ್ಲ. ಜಾಗ ಬದಲಿಸಿದೆ. ಮಾತಾಡಬೇಡಿ ಎಂದು ಹೆಂಗಸರನ್ನೆಲ್ಲ ಗದರಿ ಮತ್ತೊಂದು ಕಡೆ ಇಟ್ಟೆ. ತಾಯಿಯ ಉಸಿರು ಕೇಳಿತು, ಹೊರಗೆ ಕಾಲುವೆಯ ನೀರು ಕೇಳಿತು... ಬೆಳಗ್ಗೆ ಟಕಟಕ ಎನ್ನುತ್ತಿದ್ದದ್ದು ಮಾತ್ರ ಇರಲಿಲ್ಲ. ಕೊಳವೆಯನ್ನು ಚೀಲಕ್ಕೆ ಹಾಕಿದೆ. ಯಾರಿಗೂ ಏನೂ ಹೇಳಲಿಲ್ಲ.

ಪಿಕಪ್ ಬಂತು. ಆಕೆಯನ್ನು ಮಂಚದ ಸಮೇತ ತೊಟ್ಟಿಯಲ್ಲಿ ಇಟ್ಟೆವು. ಅಕ್ಕ ಮೂರು ಸಲ ಪೆಡಲ್ ತುಳಿದವಳು ಕೆಳಗಿಳಿದುಬಿಟ್ಟಳು. ಹಿಂದಿನ ಎಡ ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗುತ್ತಿತ್ತು.

"ರಬ್ಬರ್ ಹೋಗೇತಿ. ಬ್ರೇಕ್ ಹಿಡಿಯಂಗಿಲ್ಲ. ಹೊಸಾದು ಹಾಕಿಕೊಂಡ ಹೋಗಬೇಕು."

"ಅಕ್ಕಾ, ಹುಚ್ಚು ಹಿಡದೈತೇನ ನಿನಗ? ಹೆಣ್ಮಗಳು ಸಾಯಾಕತ್ಯಾಳ. ನಡಿ, ಸಾವಕಾಶ ಹೊಡಿ!"

"ಒಮ್ಮೆ ಹಂಗಂದು ಕಳಿಸೀನಿ ನಾನು. ಇನ್ನೊಮ್ಮೆ ಅನ್ನಂಗಿಲ್ಲ."

ಜಾಕ್ ಕೊಟ್ಟು ಚಕ್ರ ಬಿಚ್ಚಿದಳು, ಡಬ್ಬಿಯಿಂದ ಹೊಸ ರಬ್ಬರ್ ತೆಗೆದು ಕೂರಿಸಿದಳು. ಆಮೇಲೆ ಗಾಳಿ ತೆಗೆಯಲು ನನ್ನನ್ನೇ ಕರೆದಳು. ಬೈಯುತ್ತಲೇ ಹೋಗಿ ಕೂತು ಪೆಡಲ್ ತುಳಿದೆ. ಹಿಂದೆ ತೊಟ್ಟಿಯಲ್ಲಿ ಆ ಹುಡುಗಿ ಅವ್ವಾ ಅವ್ವಾ ಎನ್ನುತ್ತಿದ್ದಳು. ಅರ್ಧ ತಾಸು ಹಿಡಿಯಿತು.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ತಾಯಿಯನ್ನು ಉಳಿಸಿದರು. ಕೂಸು ಸತ್ತೇ ಹುಟ್ಟಿತು.

ಅಕ್ಕ ವರಾಂಡದಲ್ಲಿ ನಿಂತಿದ್ದಳು. ಮೊಣಕೈವರೆಗೂ ಎಣ್ಣೆಯ ಕಪ್ಪು. "ಕೂಸು?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಗ ನನ್ನ ಬಾಯಿಂದ ಬಂದ ಮಾತು ಇಷ್ಟು:

"ಅರ್ಧ ತಾಸು ಮೊದ್ಲ ಬಂದಿದ್ರ, ಅಕ್ಕಾ..."

ವಾಕ್ಯ ಮುಗಿಸಲಿಲ್ಲ. ಮುಗಿಸಿದ್ದರೆ ಸುಳ್ಳಾಗುತ್ತಿತ್ತು, ಅರ್ಧಕ್ಕೆ ಬಿಟ್ಟರೆ ಆಗುವುದಿಲ್ಲ ಎಂದು ನನ್ನ ಮನಸ್ಸಿನ ಯಾವುದೋ ಮೂಲೆ ಲೆಕ್ಕ ಹಾಕಿತ್ತೇನೋ. ನಿಜ ಹೇಳಿದರೆ ಇಷ್ಟು ಹೊತ್ತು ಯಾಕೆ ಕಾದೆ, ಬೆಳಗ್ಗೆಯೇ ಗಾಡಿ ಯಾಕೆ ಕರೆಸಲಿಲ್ಲ ಎಂಬ ಪ್ರಶ್ನೆ ನನಗೆ ಬರುತ್ತಿತ್ತು. ನಾನಾಗ ಇಪ್ಪತ್ತೈದು ವರ್ಷದವಳು. ಆ ಪ್ರಶ್ನೆಗೆ ಹೆದರಿದೆ. ಅಕ್ಕ ಗೋಡೆಗೆ ಕೈ ಊರಿದಳು. ಸುಣ್ಣದ ಮೇಲೆ ಐದು ಕಪ್ಪು ಬೆರಳು ಮೂಡಿದವು.

ಮರುವಾರದಿಂದ ಅವಳು ಆ ಗಾಡಿಯನ್ನು ಬೇರೆಯೇ ಮಾಡಲು ಕೂತಳು. ಹಿಂದಿನ ಕಮಾನು ಪಟ್ಟಿಗಳಲ್ಲಿ ಒಂದನ್ನು ಕಳಚಿದಳು, ಕುಲುಕು ಕಡಿಮೆಯಾಗಲೆಂದು. ತೊಟ್ಟಿಯಲ್ಲಿ ಒಂದು ನುಲಿ ಮಂಚವನ್ನು ಹಳೆಯ ಟ್ಯೂಬಿನ ಪಟ್ಟಿಗಳಿಂದ ನಾಲ್ಕೂ ಮೂಲೆಗೆ ತೂಗುಹಾಕಿದಳು. ತಾನೇ ಅದರ ಮೇಲೆ ಮಲಗಿ ಊರಿನವನೊಬ್ಬನಿಂದ ಹೊಲದ ದಾರಿಯಲ್ಲಿ ಗಾಡಿ ಹೊಡೆಸಿ ನೋಡಿದಳು. ಬೆನ್ನು ನೊಂದ ಕಡೆ ಇನ್ನೊಂದು ಪಟ್ಟಿ ಕಟ್ಟಿದಳು. ನೀರಿನ ಪೈಪ್ ಬಗ್ಗಿಸಿ ಮೇಲೆ ತಾಡಪತ್ರಿ ಹೊದಿಸಿದಳು, ಸಲೈನ್ ತೂಗಲು ಕೊಂಡಿ ಇಟ್ಟಳು. ಕೈಬ್ರೇಕಿಗೆ ಎರಡನೆಯ ತಂತಿ ಹಾಕಿದಳು. ಬ್ರೇಕಿನ ಎಲ್ಲ ರಬ್ಬರುಗಳನ್ನೂ ಹಳತಾಗುವ ಮೊದಲೇ ಬದಲಿಸತೊಡಗಿದಳು. ಯಾವ ಗಳಿಗೆಯಲ್ಲಿ ಕರೆದರೂ ಗಾಡಿ ತಡ ಮಾಡಬಾರದು, ಇನ್ನೆಂದೂ ಯಾರನ್ನೂ ಕಾಯಿಸಬಾರದು ಎಂಬ ಹಟ.

ಹತ್ತಿ ಮೆಣಸಿನಕಾಯಿ ಸಾಗಿಸುವುದೂ ನಡೆದಿತ್ತು. ಆದರೆ ಹೆರಿಗೆ ಎಂದರೆ ಚೀಲಗಳನ್ನು ಇದ್ದಲ್ಲೇ ಇಳಿಸಿ ಹೊರಡುವಳು. ಎಷ್ಟು ತಾಯಂದಿರು ಆ ಮಂಚದ ಮೇಲೆ ಬಳ್ಳಾರಿಗೂ ಸಿರುಗುಪ್ಪಕ್ಕೂ ಹೋಗಿ ಕೂಸನ್ನು ಎತ್ತಿಕೊಂಡು ಬಂದರೋ. ಎರಡು ಮೂರು ಕೂಸು ದಾರಿಯಲ್ಲೇ, ಆ ತಾಡಪತ್ರಿಯ ಕೆಳಗೆ, ನನ್ನ ಕೈಯಲ್ಲೇ ಹುಟ್ಟಿದವು. ಜನ ಅವಳಿಗೆ ಕೈ ಮುಗಿದರು. ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ನೋಡು, ನೀನು ಸುಮ್ಮನಿದ್ದದ್ದರಿಂದಲೇ ಇಷ್ಟು ಜೀವ ಉಳಿದವು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷ ಅದನ್ನು ನಂಬಿದೆ ಕೂಡ.

ಐದಾರು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಎಂದಿನಂತೆ ನಾನು ಸೀಟಿನ ಮೇಲೆ ಕೂತು ಪೆಡಲ್ ಹಿಡಿದಿದ್ದೆ. ಕೆಳಗಿನಿಂದ ದನಿ ಬಂತು.

"ತಂಗಿ, ಆ ಕ್ಯಾಂಪಿನ ಕೂಸು ಗಂಡೋ, ಹೆಣ್ಣೋ?"

"...ಹೆಣ್ಣು, ಅಕ್ಕಾ."

"ಈಗ ಸಾಲಿಗೆ ಹೋಗಾಕತ್ತಿರ್ತಿತ್ತು. ಹಾಂ, ಬಿಡು."

ಬಿಡಲು ನನಗೆ ಕಾಲೇ ಬರಲಿಲ್ಲ. ಅವಳು ಎರಡು ಸಲ ಹೇಳಬೇಕಾಯಿತು.

ಎಂಬತ್ತರ ದಶಕ ಶುರುವಾದ ಮೇಲೆ ನನಗೆ ಸಿರುಗುಪ್ಪ ಆಸ್ಪತ್ರೆಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವಳು ಕರೆದಳು, ಕಡೇ ಸಲ ಒಮ್ಮೆ ಕಾಲು ಕೊಟ್ಟು ಹೋಗು ಎಂದು. ಹೋಗಿ ಕೂತೆ. ಅವಳ ಮುಖ ಕಾಣದ ಆ ಜಾಗದಲ್ಲಿ ಮಾತ್ರ ಅದನ್ನು ಹೇಳಲು ಸಾಧ್ಯವಿತ್ತು.

"ಅಕ್ಕಾ, ಆ ಕೂಸು ನೀ ಕ್ಯಾಂಪಿಗೆ ಬರೋಕಿಂತ ಮೊದ್ಲ ಹೋಗಿತ್ತು. ನಾ ಕೊಳವಿ ಇಟ್ಟು ಕೇಳಿದ್ದೆ. ನಿನ್ನ ಅರ್ಧ ತಾಸಿನಿಂದ ಏನೂ ಆಗಿಲ್ಲ."

ಕೆಳಗೆ ಪಾನಾದ ಸಪ್ಪಳ ನಿಂತಿತು. ಆಮೇಲೆ, "ಒತ್ತು" ಎಂದಳು. ಒತ್ತಿದೆ. "ಬಿಡು." ಹೀಗೇ ನಾಲ್ಕೂ ಚಕ್ರ ಮುಗಿಸಿದಳು. ಹೊರಗೆ ಬಂದು ಖಾಕಿ ಅಂಗಿಗೆ ಕೈ ಒರೆಸಿಕೊಂಡಳು.

"ಅವತ್ತ ಗೊತ್ತಿತ್ತೇನು ನಿನಗ?"

"ಹೂಂ."

"ದವಾಖಾನಿ ವರಾಂಡದಾಗ ನಿಂತಾಗೂ?"

"ಹೂಂ, ಅಕ್ಕಾ."

"ನಮ್ಮನಿಯವರ ಸುದ್ದಿ ನಿನ್ನ ಮುಂದ ಹೇಳಿದ್ದೆ. ಊರಾಗ ಮತ್ತ್ಯಾರ ಮುಂದನೂ ಹೇಳಿದ್ದಿಲ್ಲ." ಪಾನಾವನ್ನು ಡಬ್ಬಿಗೆ ಹಾಕಿ, "ಎಲ್ಲಾ ಗೊತ್ತಿದ್ದಾಕಿ ನೀ ಒಬ್ಬಾಕಿನ ಇದ್ದಿ" ಎಂದಳು.

ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಚಿಲಕ ಹಾಕಿದ ಸದ್ದು ಬರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು. ನಾನು ತಳ್ಳಲಿಲ್ಲ.

ಇನ್ನು ಅವಳು ಗಾಡಿ ಬಿಟ್ಟುಬಿಡುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ಸಿರುಗುಪ್ಪ ಆಸ್ಪತ್ರೆಗೆ ಆ ಪಿಕಪ್ ಮೊದಲಿನಂತೆಯೇ ಬರುತ್ತಿತ್ತು. ಬಸುರಿಯ ಮನೆಯವರು ಮಂಚ ಇಳಿಸುತ್ತಿದ್ದರು, ಅವಳು ಸ್ಟೇರಿಂಗ್ ಹಿಡಿದು ಗೇಟಿನ ಹೊರಗೇ ಕೂತಿರುತ್ತಿದ್ದಳು. ಒಂದು ಸಲ ಓಡಿಹೋಗಿ ಕಿಟಕಿಯ ಹತ್ತಿರ ನಿಂತು, "ಅಕ್ಕಾ, ಚಾ ಕುಡದು ಹೋಗು" ಎಂದೆ. "ಗಾಡಿ ಬಿಸಿ ಐತ್ರಿ, ನರ್ಸಮ್ಮಾ" ಎಂದಳು. ನಾನು ಸಿರಿಗೇರಿಗೆ ಬಂದ ಮೊದಲ ತಿಂಗಳಲ್ಲಿ ಮಾತ್ರ ನನ್ನನ್ನು ಹಾಗೆ ಬಹುವಚನದಲ್ಲಿ ಕರೆದಿದ್ದಳು. ಗಾಡಿ ಹೊರಟಿತು. ಸಿರಿಗೇರಿಯಿಂದ ಬಂದ ಒಬ್ಬಾಕೆ ಹೇಳಿದಳು, ಅಕ್ಕ ಈಗ ಬ್ರೇಕಿನ ಗಾಳಿ ತೆಗೆಯಲು ಯಾರನ್ನೂ ಕರೆಯುವುದಿಲ್ಲ, ಪೆಡಲಿಗೂ ಸೀಟಿಗೂ ನಡುವೆ ಒಂದು ಮರದ ತುಂಡು ಕೊಟ್ಟು ಒಬ್ಬಳೇ ಮಾಡಿಕೊಳ್ಳುತ್ತಾಳೆ ಎಂದು. ನನ್ನ ಕಾಲಿನ ಕೆಲಸವನ್ನು ಒಂದು ಮರದ ತುಂಡು ಮಾಡುತ್ತಿತ್ತು...

ನಾಲ್ಕೈದು ವರ್ಷದ ಮೇಲೆ ಅವಳು ಜ್ವರದಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಮಣ್ಣು ಮಾಡಿ ಮೂರು ದಿನವಾಗಿತ್ತು. ಮೈದುನಂದಿರು ಗಾಡಿಯನ್ನು ಬಳ್ಳಾರಿಯ ಗುಜರಿಗೆ ಕೊಟ್ಟರು. ಅದನ್ನು ಅಲ್ಲಿಯವರೆಗೆ ಎಳೆದೊಯ್ಯಬೇಕಾಗಲಿಲ್ಲ, ತಾನೇ ಓಡಿಕೊಂಡು ಹೋಯಿತಂತೆ.

ನಿಜ ಹೇಳಿದ್ದು ಅವಳಿಗಾಗಿಯೋ, ನನಗಾಗಿಯೋ?

ಪಕ್ಕದ ಮನೆಯ ಕಾರು ರಿಪೇರಿಯಾಗಿ ವಾರವಾದರೂ ಮನಸ್ಸು ತಡೆಯಲಿಲ್ಲ. ಬಸ್ಸು ಹತ್ತಿ ಸಿರಿಗೇರಿಗೆ ಹೋಗಿಬಂದೆ. ಅವಳ ಮನೆಯ ಜಾಗದಲ್ಲಿ ಈಗ ಗೊಬ್ಬರದ ಅಂಗಡಿ. ಪಿಕಪ್ ಅಕ್ಕನ ಬಗ್ಗೆ ನಾನು ವಿಚಾರಿಸಿದ ಯಾರಿಗೂ ಗೊತ್ತಿರಲಿಲ್ಲ. ವಾಪಸು ಬರಲು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ, ನನ್ನ ಮಾತು ಕೇಳಿಸಿಕೊಂಡಿದ್ದ ಒಬ್ಬ ಹೆಂಗಸು ಹತ್ತಿರ ಬಂದಳು. ನಲವತ್ತು ದಾಟಿದವಳು. ತಲೆಯ ಮೇಲಿನ ಬುಟ್ಟಿ ಇಳಿಸಿದಳು.

"ಪಿಕಪ್ ಅಕ್ಕನ ಸುದ್ದಿ ಕೇಳಿದ್ರೇನ್ರೀ, ಅಮ್ಮಾ? ನಾ ಆ ಗಾಡ್ಯಾಗ ಹುಟ್ಟೀನಂತ್ರಿ. ನಮ್ಮವ್ವ ಹೇಳ್ತಿದ್ಳು. ಆಕಿ ಹೆಂಗಿದ್ಳ್ರಿ?"

ಬಸ್ಸು ಬರುವವರೆಗೆ ಹೇಳಿದೆ. ಎಲ್ಲಿಯ ಪಟ್ಟಿ ಕಳಚಿದ್ದಳು, ಮಂಚವನ್ನು ಹೇಗೆ ತೂಗಿದ್ದಳು, ತಾನೇ ಮಲಗಿ ಹೇಗೆ ಪರೀಕ್ಷೆ ಮಾಡಿದ್ದಳು, ಎಲ್ಲವನ್ನೂ. ಆ ಹೆಂಗಸು ಬಾಯಿಗೆ ಸೆರಗು ಹಿಡಿದು ಕೇಳಿದಳು. ಕೊನೆಗೆ, "ಅಷ್ಟೆಲ್ಲಾ ಯಾಕ ಮಾಡಿದ್ಳ್ರಿ ಪಾಪ, ಯಾರಿಗೋಸ್ಕರ?" ಎಂದಳು.

ಬಸ್ಸು ಬಂದಿತ್ತು. ಕಂಡಕ್ಟರ್ ಕೂಗುತ್ತಿದ್ದ. "ಆಕಿ ಗುಣಾನ ಹಂಗಿತ್ತವ್ವಾ" ಎಂದು ಹೇಳಿ ಹತ್ತಿ ಕೂತೆ.